ಗೇರುಮರದ ಕೆಳಗಿನ ಏಣಿ

ನಾನು ಒಂದು ಏಣಿ. ಗೋಡೆಗೆ ಒರಗಿಸುವ ಬಿದಿರಿನ ಏಣಿಯಲ್ಲ; ಕತ್ತರಿಯ ಹಾಗೆ ಕಾಲು ಅಗಲಿಸಿ ತಾನಾಗಿ ನಿಲ್ಲುವ, ಕೆಲಸ ಮುಗಿದ ಮೇಲೆ ಮಡಚಿ ಬಾಗಿಲ ಹಿಂದೆ ಇಡಬಹುದಾದ ಅಲ್ಯೂಮಿನಿಯಂ ಏಣಿ. ನನಗೆ ಐದು ಮೆಟ್ಟಿಲು. ನಾನು ಹುಟ್ಟಿದ್ದು ಮಂಗಳೂರಿನ ಯೆಯ್ಯಾಡಿಯಲ್ಲಿ, ಒಂದು ತಗಡಿನ ಶೆಡ್ಡಿನೊಳಗೆ. ನನ್ನನ್ನು ಮಾಡಿದವನ ಹೆಸರು ದೇಜಪ್ಪ. ಅವನು ಉದ್ದುದ್ದ ಪಟ್ಟಿಗಳನ್ನು ಕೊಯ್ದು, ತೂತು ಕೊರೆದು, ಒಂದೊಂದು ಮೆಟ್ಟಿಲಿಗೂ ನಾಲ್ಕು ನಾಲ್ಕು ರಿವೆಟ್ ಬಡಿದ. ಕೊನೆಗೆ ತಾನೇ ಐದನೆಯ ಮೆಟ್ಟಿಲು ಹತ್ತಿ ನಿಂತು ಎರಡು ಸಲ ಕುಣಿದು ನೋಡಿದ. ನಾನು ಅಲುಗಲಿಲ್ಲ. "ಇದು ನಿಲ್ತದೆ" ಎಂದ. ನನ್ನ ಜಾತಕ ಬರೆದದ್ದು ಅಷ್ಟೇ.

ಏಣಿಗೆ ಮನುಷ್ಯರ ಮುಖ ತಿಳಿಯುವುದು ತಡವಾಗಿ. ಮೊದಲು ತಿಳಿಯುವುದು ಪಾದ. ಯಾರು ಹೆದರಿ ಹತ್ತುತ್ತಾರೆ, ಯಾರು ಸಿಟ್ಟಿನಲ್ಲಿ ಹತ್ತುತ್ತಾರೆ, ಯಾರ ಮನಸ್ಸು ಬೇರೆಲ್ಲೋ ಉಂಟು, ಎಲ್ಲವನ್ನೂ ಪಾದ ಹೇಳಿಬಿಡುತ್ತದೆ. ನಾನು ಈಗ ಹೇಳಹೊರಟದ್ದು ಅಂಥ ಒಂದು ಜೋಡಿ ಪಾದದ ಕತೆ. ಅವು ಲೋಕಯ್ಯ ಗಟ್ಟಿಯವು.

ಹಂಪನಕಟ್ಟೆಯಲ್ಲಿ ಮಾಧವ ಕಾಮತರ ಜವಳಿ ಅಂಗಡಿ ಇತ್ತು. ನೆಲದಿಂದ ಮಾಡಿನ ತನಕ ಕಪಾಟುಗಳು, ಅವುಗಳ ತುಂಬ ಸೀರೆ. ನಾನು ಅಲ್ಲಿಗೆ ಸೇರಿದಾಗ ಲೋಕಯ್ಯ ಇಪ್ಪತ್ತು ವರ್ಷದಿಂದ ಅಲ್ಲೇ ಕೆಲಸಕ್ಕಿದ್ದ. ಕುಳ್ಳು ಮನುಷ್ಯ. ಮೇಲಿನ ಸಾಲಿನ ಸೀರೆಗೆ ಅವನ ಕೈ ಎಟುಕುತ್ತಿರಲಿಲ್ಲ. ಹಾಗಾಗಿ ನನ್ನನ್ನು ತರಿಸಿದರು. ದಿನಕ್ಕೆ ನೂರು ಸಲವಾದರೂ ಅವನು ನನ್ನನ್ನು ಹತ್ತಿ ಇಳಿಯುತ್ತಿದ್ದ. ಬಣ್ಣದ ವಿಷಯದಲ್ಲಿ ಅವನ ಕಣ್ಣು ತಪ್ಪುತ್ತಿರಲಿಲ್ಲ. ಗಿರಾಕಿ ಹೆಂಗಸರು "ನೀಲಿ" ಎಂದರೆ "ಯಾವ ನೀಲಿ ಅಮ್ಮ, ಆನಂದ ನೀಲಿಯಾ, ನವಿಲು ಕುತ್ತಿಗೆಯಾ?" ಎಂದು ಕೇಳಿಯೇ ಮೇಲೆ ಹತ್ತುವವನು.

ಆದರೆ ಆಕಾಶದಲ್ಲಿ ವಿಮಾನದ ಸದ್ದು ಕೇಳಿತೋ, ಅವನ ಪಾದ ನಾಲ್ಕನೆಯ ಮೆಟ್ಟಿಲಲ್ಲೇ ನಿಂತುಬಿಡುತ್ತಿತ್ತು. ಹೆಗಲ ಮೇಲೆ ಸೀರೆ, ಕಣ್ಣು ವೆಂಟಿಲೇಟರಿನ ಕಡೆ. ಸದ್ದು ಕರಗಿದ ಮೇಲೆಯೇ ಇಳಿಯುವುದು. ಕೆಳಗೆ ಕಾಯುವವರು ಗೊಣಗಿದರೆ ಕಾಮತರು ನಗುತ್ತಿದ್ದರು. "ನಮ್ಮ ಲೋಕಯ್ಯನಿಗೆ ಮೇಲೆಯೂ ಗಿರಾಕಿಗಳುಂಟು."

ಅವನ ಮನೆ ಇದ್ದದ್ದು ವಿಮಾನ ನಿಲ್ದಾಣದ ಗುಡ್ಡದ ಬುಡದಲ್ಲಿ. ಹುಟ್ಟಿದಂದಿನಿಂದ ಮಾಡಿನ ಹೆಂಚು ಅದುರುವುದನ್ನು ಕೇಳಿಕೊಂಡು ಬೆಳೆದವನು. ನೆರೆಯವರಿಗೆ ಆ ಸದ್ದು ಕಿರಿಕಿರಿ. ಅವನಿಗೆ ಪ್ರತಿ ಸಲವೂ ಯಾರೋ ನೆಂಟರು ಬಂದ ಹಾಗೆ. ವಿಮಾನದೊಳಗೆ ಅವನು ಒಮ್ಮೆಯೂ ಕಾಲಿಟ್ಟವನಲ್ಲ. ಹಾಗೆಂದು ಕೊರಗಿದವನೂ ಅಲ್ಲ. ನೋಡುವುದೇ ಅವನಿಗೆ ಸಾಕಿತ್ತು.

ಕಾಮತರಿಗೆ ವಯಸ್ಸಾಯಿತು. ಅಂಗಡಿ ಮುಚ್ಚುವುದೆಂದು ಒಂದು ದಿನ ತೀರ್ಮಾನವಾಯಿತು. ಕಪಾಟುಗಳು ಖಾಲಿಯಾದ ಸಂಜೆ ಅವರು ಲೋಕಯ್ಯನನ್ನು ಕರೆದರು.

"ಮೂವತ್ತು ವರ್ಷ ಆಯ್ತಲ್ವಾ ಲೋಕಯ್ಯ. ಕೊಡುವುದನ್ನು ಕೊಟ್ಟಿದ್ದೇನೆ. ಅಂಗಡಿಯದ್ದು ಅಂತ ಏನಾದರೂ ನೆನಪಿಗೆ ಬೇಕಾ? ಗಡಿಯಾರ ಕೊಂಡು ಹೋಗು."

ಲೋಕಯ್ಯ ಗೋಡೆಯ ಗಡಿಯಾರವನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. "ಗಡಿಯಾರ ಬೇಡ ಧನಿ. ಈ ಏಣಿ ಕೊಡಿ."

ಕಾಮತರಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಬಸ್ಸಿನ ಮೇಲೆ ಕಟ್ಟಿಸಿಕೊಂಡು ನಾನು ಅವನ ಮನೆಗೆ ಹೋದೆ.

ಅವನ ಹೆಂಡತಿ ಯಮುನಾ ಹೊಲಿಗೆಯವಳು. ಅಂಗಡಿ ಮುಚ್ಚಿದ ಮೇಲೆ ಲೋಕಯ್ಯನೂ ಮನೆಯಲ್ಲೇ ಕುಳಿತು ಸೀರೆಗೆ ಫಾಲ್ ಹಚ್ಚುವ, ಕುಚ್ಚು ಕಟ್ಟುವ ಕೆಲಸ ಹಿಡಿದ. ಇಬ್ಬರ ಮಾತೂ ತುಳು. ನಿಮಗಾಗಿ ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ. ಕಾವೂರಿನ ಒಬ್ಬ ಸ್ಟುಡಿಯೋದವರು ತಮ್ಮ ಹಳೆಯ ಕ್ಯಾಮರಾವನ್ನೂ ಉದ್ದ ಮೂತಿಯ ಒಂದು ಲೆನ್ಸನ್ನೂ ಮಾರುತ್ತಾರೆಂದು ತಿಳಿದು ಲೋಕಯ್ಯ ಅದನ್ನು ಕೊಂಡುತಂದಾಗ ಯಮುನಾ ಸೂಜಿಗೆ ನೂಲು ಪೋಣಿಸುತ್ತಲೇ ಕೇಳಿದಳು, "ಮದುವೆ ಫೋಟೋ ತೆಗೆಯುದಾ ಇನ್ನು?"

"ಅಲ್ಲ. ವಿಮಾನದ್ದು."

"ವಿಮಾನ ಫೋಟೋಕ್ಕೆ ಕರೆಯಲಿಕ್ಕೆ ಬಂದಿತ್ತಾ?"

ಅವನು ಲೆನ್ಸಿನ ಧೂಳು ಒರೆಸತೊಡಗಿದ. ಮರುದಿನ ಬೆಳಿಗ್ಗೆ ನನ್ನನ್ನು ಹೆಗಲಿಗೇರಿಸಿ ಗುಡ್ಡ ಹತ್ತಿದ.

ಗುಡ್ಡದ ತಲೆ ಚಪ್ಪಟೆ. ನಮ್ಮ ಕಡೆ ಇಂಥ ಕೆಂಪು ಮುರಕಲ್ಲಿನ ಬಯಲಿಗೆ ಪದವು ಎನ್ನುತ್ತಾರೆ. ಪದವಿನ ಒಂದು ಬದಿಗೆ ವಿಮಾನ ನಿಲ್ದಾಣದ ಉದ್ದ ಗೋಡೆ, ಅದರ ಮೇಲೆ ಮುಳ್ಳುತಂತಿ. ಗೋಡೆಯಿಂದ ಮೂವತ್ತು ಮಾರು ಈಚೆಗೆ ಒಂದು ಒಂಟಿ ಗೇರುಮರ. ನೆಲದ ಮೇಲೆ ನಿಂತರೆ ಗೋಡೆಯಾಚೆ ಏನೂ ಕಾಣದು. ವಿಮಾನ ಬಂದರೆ ಬಾಲದ ತುದಿ ಮಾತ್ರ ಗೋಡೆಯ ಮೇಲೆ ಜಾರಿ ಹೋದಂತೆ ಕಾಣುತ್ತದೆ. ಗೇರುಮರದ ಕೆಳಗೆ ನನ್ನನ್ನು ನಿಲ್ಲಿಸಿ ಲೋಕಯ್ಯ ಐದನೆಯ ಮೆಟ್ಟಿಲಿಗೆ ಹತ್ತಿದ. ರನ್‌ವೇ ಕಂಡಿತು. ಅವನ ಪಾದದ ಬೆರಳುಗಳು ನನ್ನನ್ನು ಬಿಗಿಯಾಗಿ ಹಿಡಿದವು. ಆಗ ನನಗೆ ತಿಳಿಯಿತು, ಅವನಿಗೆ ಗಡಿಯಾರ ಯಾಕೆ ಬೇಡವಾಯಿತು ಎಂದು.

ಅದು ದೀಪಾವಳಿ ಕಳೆದ ಕಾಲ. ಮಳೆ ತೊಳೆದಿಟ್ಟ ಆಕಾಶ. ಡಿಸೆಂಬರಿನ ಬೆಳಗಿನ ಬಿಸಿಲು ಓರೆಯಾಗಿ ಬೀಳುವಾಗ ವಿಮಾನದ ಹೊಟ್ಟೆಯ ಮೇಲೆ ಬರೆದ ಅಕ್ಷರಗಳೂ ಓದಲು ಸಿಗುತ್ತಿದ್ದವು. ಲೋಕಯ್ಯ ಒಂದು ಪುಸ್ತಕ ಮಾಡಿಕೊಂಡ. ದಿನ, ಹೊತ್ತು, ವಿಮಾನದ ನಂಬರು, ಗಾಳಿ ಯಾವ ಕಡೆಯದ್ದು, ಬೆಳಕು ಹೇಗಿತ್ತು. ಬಾಲದ ಬಣ್ಣವನ್ನು ಮಾತ್ರ ಅವನು ತನ್ನ ಭಾಷೆಯಲ್ಲೇ ಬರೆಯುತ್ತಿದ್ದ. ಒಂದು ಬದನೆ ಬಣ್ಣದ್ದು, ಒಂದು ಅರಶಿನ ಕುಂಕುಮದ್ದು, ವಾರಕ್ಕೊಮ್ಮೆ ಬರುವ ದೊಡ್ಡದು ಗಿಣಿ ಹಸಿರು ಅಂಚಿನದ್ದು.

ಫೆಬ್ರವರಿಗೆ ಗೇರುಮರ ಹೂ ಬಿಟ್ಟಿತು. ಅದರ ಪರಿಮಳ ನನ್ನ ಮೆಟ್ಟಿಲಿಗೂ ಅಂಟಿತು. ಮಾರ್ಚಿನಲ್ಲಿ ಕಡಲ ಕಡೆಯಿಂದ ಮಬ್ಬು ಏರಿ ವಿಮಾನಗಳು ಹಾಲಿನಿಂದ ಎದ್ದು ಬಂದಂತೆ ಕಂಡವು. ಫೋಟೋ ಒಂದೂ ಸರಿಯಾಗದೆ ಅವನು ತಲೆ ಕೆರೆದುಕೊಂಡ. ಮೇ ತಿಂಗಳಲ್ಲಿ ರನ್‌ವೇಯ ಮೇಲಿನ ಗಾಳಿ ಕಾದ ಕಾವಲಿಯ ಮೇಲಿನ ಹಬೆಯಂತೆ ನಡುಗುತ್ತಿತ್ತು. ಚಕ್ರ ನೆಲ ಮುಟ್ಟಿತೋ ಇಲ್ಲವೋ ಹೇಳಲಾಗದು. ನನ್ನ ಮೈ ಎಷ್ಟು ಸುಡುತ್ತಿತ್ತೆಂದರೆ ಅವನು ಮೆಟ್ಟಿಲಿಗೆ ಗೋಣಿ ಹಾಸಿ ನಿಲ್ಲಬೇಕಾಯಿತು.

ಮಳೆಗಾಲದಲ್ಲಿ ಬಿಡುವಾದೀತು ಎಂದುಕೊಂಡಿದ್ದೆ. ಮಳೆ ಹಿಡಿದ ಮೇಲೆಯೇ ಅವನಿಗೆ ನಿಜವಾದ ಹುಚ್ಚು ಹಿಡಿದದ್ದು. ಒಂದು ಕೈಯಲ್ಲಿ ಕೊಡೆ, ಕ್ಯಾಮರಾಕ್ಕೆ ಪ್ಲಾಸ್ಟಿಕ್. ಮೋಡ ನೆಲಕ್ಕೆ ತಾಗುವಂತಿದ್ದ ದಿನಗಳಲ್ಲಿ ಸದ್ದು ಮಾತ್ರ ಬರುತ್ತಿತ್ತು, ವಿಮಾನ ಬರುತ್ತಿರಲಿಲ್ಲ. ಮೇಲೆ ಎಲ್ಲೋ ಸುತ್ತುತ್ತಿತ್ತು. ಆಗ ಅವನು ಫೋಟೋದ ಆಸೆ ಬಿಟ್ಟು ಸುಮ್ಮನೆ ಕಿವಿಗೊಟ್ಟು ನಿಲ್ಲುತ್ತಿದ್ದ. ಕೊನೆಗೆ ಮೋಡ ಹರಿದು ಎರಡು ದೀಪ ಕಂಡರೆ ಅವನ ಪಾದ ಸಡಿಲವಾಗುತ್ತಿತ್ತು, ತನ್ನ ಮನೆಯವರೇ ಬಂದು ಮುಟ್ಟಿದ ಹಾಗೆ.

ಅಂಥ ಒಂದು ದಿನ ಯಮುನಾ ಬುತ್ತಿ ಹಿಡಿದು ಪದವಿಗೆ ಬಂದಳು. ಬೆಳಿಗ್ಗೆ ಮನೆ ಬಿಟ್ಟ ಗಂಡ ಮೂರು ಗಂಟೆಯಾದರೂ ಊಟಕ್ಕೆ ಬಂದಿರಲಿಲ್ಲ. ಬಯ್ಯಲೆಂದೇ ಬಂದವಳು. ಅಷ್ಟರಲ್ಲಿ ಸದ್ದು ಕೇಳಿತು. ಲೋಕಯ್ಯ ಕೆಳಗಿಳಿದು, "ನೀನೇ ಹತ್ತು, ನೋಡು" ಎಂದ.

"ನನಗೆಂತಕ್ಕೆ?"

"ಒಮ್ಮೆ ಹತ್ತು ಮಾರಾಯ್ತಿ."

ಅವಳ ಪಾದ ಹೆದರುತ್ತ ಹೆದರುತ್ತ ಮೇಲೆ ಬಂತು. ಮಳೆಯ ನಡುವಿನಿಂದ ವಿಮಾನ ಇಳಿಯಿತು. ರೆಕ್ಕೆಯ ಮೇಲೆ ತೆಳು ಬಿಳಿ ಮಸ್ಲಿನ್ ಹಾಸಿದ ಹಾಗೆ ಆವಿ; ಚಕ್ರ ನೆಲ ಮುಟ್ಟಿದಾಗ ಎರಡು ಕಡೆಗೂ ನೀರಿನ ಗೋಡೆ ಎದ್ದಿತು. ವಿಮಾನ ದೂರ ಓಡಿದ ಮೇಲೂ ಅವಳು ಇಳಿಯಲಿಲ್ಲ.

"ಅದರೊಳಗೆ ಇದ್ದವರಿಗೆ ನಾವು ಕಾಣ್ತೇವಾ?" ಎಂದಳು.

"ಕಾಣ್ತೇವೆ. ಎರಡು ಚುಕ್ಕೆ."

"ಅವರಿಗೆ ಹೆದರಿಕೆ ಆಗ್ಲಿಕ್ಕಿಲ್ವಾ, ಇಷ್ಟು ಮಳೆಗೆ?"

ಲೋಕಯ್ಯ ಆ ತನಕ ವಿಮಾನವನ್ನು ನೋಡಿದ್ದನೇ ಹೊರತು ಅದರ ಕಿಟಕಿಗಳ ಹಿಂದೆ ಕುಳಿತವರ ಬಗ್ಗೆ ಹೆಚ್ಚು ಯೋಚಿಸಿದವನಲ್ಲ. ಆ ದಿನದಿಂದ ಅವನ ಪುಸ್ತಕದಲ್ಲಿ ಒಂದು ಹೊಸ ಸಾಲು ಸೇರಿತು: 'ಎಲ್ಲರೂ ಇಳಿದರು.'

ಎರಡನೆಯ ಮಳೆಗಾಲದಲ್ಲಿ ನಾನು ಸಿಕ್ಕಿಬಿದ್ದೆ. ಗೋಡೆಯ ಹೊರಗಿನ ಮಣ್ಣು ರಸ್ತೆಯಲ್ಲಿ ಕಾವಲಿನ ಜೀಪು ಬರುತ್ತಿತ್ತು. ಮಳೆಯ ಸದ್ದಿಗೆ ಲೋಕಯ್ಯನಿಗೆ ಅದು ಕೇಳಲಿಲ್ಲ. ಜೀಪಿನಿಂದ ಒಬ್ಬ ಎತ್ತರದ ಮನುಷ್ಯ ಇಳಿದ. ಹನುಮಂತಪ್ಪ ತಳವಾರ ಎಂದು ಅವನ ಎದೆಯ ಮೇಲೆ ಬರೆದಿತ್ತು. ಮಾತು ಬಾಗಲಕೋಟೆ ಕಡೆಯದು.

"ಏನ್ರೀ ಅಣ್ಣಾರ, ಗ್ವಾಡಿ ಹತ್ರ ಏಣಿ ಹಾಕ್ಕೊಂಡು ಏನ್ ನಡಿಸೀರಿ?"

"ವಿಮಾನ ನೋಡುದು ಸಾರ್. ಫೋಟೋ ತೆಗೆಯುದು."

"ತಗದು ಯಾರಿಗೆ ಕೊಡ್ತೀರಿ?"

"ಯಾರಿಗೂ ಇಲ್ಲ. ಮನೆಯಲ್ಲಿ ಇಡುದು."

ಹನುಮಂತಪ್ಪ ಪುಸ್ತಕ ತೆರೆದು ನೋಡಿದ. ಬದನೆ ಬಣ್ಣ, ಗಿಣಿ ಹಸಿರು, ಎಲ್ಲರೂ ಇಳಿದರು. ಪುಟ ತಿರುವುತ್ತ ತಿರುವುತ್ತ ಅವನ ಹುಬ್ಬು ಸಡಿಲವಾಯಿತು. ಪುಸ್ತಕ ಹಿಂದಕ್ಕೆ ಕೊಟ್ಟ.

"ನಿಮ್ಮ ಮ್ಯಾಲೆ ನನಗ ಸಂಶಯ ಇಲ್ಲ. ಆದ್ರ ಗ್ವಾಡಿ ಹತ್ರ ಏಣಿ ಅಂದ್ರ ಅದು ಬ್ಯಾರೇನ ಮಾತು. ನಿಮಗ ಬರೇ ನೋಡಾಕ ಬೇಕು, ಇನ್ನೊಬ್ಬಂವಗ ಗ್ವಾಡಿ ಜಿಗಿಯಾಕ ಸಾಕು. ಇದೊಂದ್ ಸಲ ಬಿಡ್ತೀನಿ. ಮತ್ತ ಕಂಡ್ರ ಏಣಿನೂ ಒಯ್ತೀನಿ, ನಿಮ್ಮನ್ನೂ ಒಯ್ತೀನಿ."

"ಇನ್ನು ತರುದಿಲ್ಲ ಸಾರ್" ಎಂದು ಲೋಕಯ್ಯ ಮಾತು ಕೊಟ್ಟ.

ಆ ಮಾತನ್ನು ಅವನು ಹನ್ನೊಂದು ದಿನ ಉಳಿಸಿಕೊಂಡ. ಹನ್ನೆರಡನೆಯ ದಿನ ನಾವು ಮತ್ತೆ ಗೇರುಮರದ ಕೆಳಗಿದ್ದೆವು. ಜೀಪಿನ ಸದ್ದು ಬಂದರೆ ಅವನು ಚಕ್ಕನೆ ಇಳಿದು ನನ್ನನ್ನು ಮಡಚಿ ಕೇಪಳದ ಪೊದೆಯೊಳಗೆ ಮಲಗಿಸುತ್ತಿದ್ದ. ಹನುಮಂತಪ್ಪ ಕೈ ಎತ್ತಿ ನಮಸ್ಕಾರ ಮಾಡಿ ಹೋಗುತ್ತಿದ್ದ. ಲೋಕಯ್ಯನೂ ನಮಸ್ಕಾರ ಮಾಡುತ್ತಿದ್ದ. ಪೊದೆಯೊಳಗೆ ಬಿದ್ದಿದ್ದ ನನಗೆ ಆ ನಮಸ್ಕಾರ ಹಿತವಾಗಿರಲಿಲ್ಲ. ಅವನಿಗೂ ಇರಲಿಲ್ಲವೆಂದು ಬಲ್ಲೆ. ಮತ್ತೆ ಹತ್ತುವಾಗ ಅವನ ಪಾದ ಭಾರವಾಗಿರುತ್ತಿತ್ತು. ಆದರೂ ಹತ್ತುತ್ತಿದ್ದ.

ತುಳುವರ ಆಟಿ ಕಳೆದು ಸೋಣ ತಿಂಗಳು, ಎಂದರೆ ಆಗಸ್ಟಿನ ಕೊನೆ, ಬಂತು. ಮಳೆ ಬಿಟ್ಟು ಬಿಸಿಲು, ಬಿಸಿಲು ಬಿಟ್ಟು ಮಳೆ. ಆ ಬೆಳಿಗ್ಗೆ ಹತ್ತೂಕಾಲರ ಹೊತ್ತಿಗೆ ಒಂದು ವಿಮಾನ ಹೊರಡಲು ಸಿದ್ಧವಾಗಿತ್ತು. ಕುಂಕುಮದ ಬಣ್ಣದ ಬಾಲ. ಅದು ಓಡಿ ಬಂದು ನಮ್ಮೆದುರೇ ಮೂಗು ಎತ್ತಿತು. ಲೋಕಯ್ಯ ಒಂದರ ಹಿಂದೊಂದು ಹತ್ತು ಹನ್ನೆರಡು ಫೋಟೋ ತೆಗೆದ. ವಿಮಾನ ಚಕ್ರ ಮಡಚಿಕೊಂಡು ಕಡಲ ಕಡೆ ತಿರುಗಿತು. ಅವನು ಎಂದಿನಂತೆ ಕ್ಯಾಮರಾದ ಹಿಂದಿನ ಪುಟ್ಟ ಪರದೆಯಲ್ಲಿ ಒಂದೊಂದನ್ನೇ ದೊಡ್ಡದು ಮಾಡಿ ನೋಡತೊಡಗಿದ.

ನೋಡುತ್ತಿದ್ದವನ ಪಾದ ತಣ್ಣಗಾಯಿತು.

ಎಡಗಡೆಯ ಜೋಡಿ ಚಕ್ರಗಳಲ್ಲಿ ಹೊರಗಿನದರಿಂದ ಒಂದು ಕರಿ ರಬ್ಬರ್ ಪಟ್ಟಿ ನೇತಾಡುತ್ತಿತ್ತು. ಸೀರೆಯ ಅಂಚು ಹರಿದು ನೇತುಬಿದ್ದ ಹಾಗೆ. ಮುಂದಿನ ಫೋಟೋ ನೋಡಿದ. ಅದರಲ್ಲೂ ಇತ್ತು. ಅದರ ಮುಂದಿನದರಲ್ಲಿ ಪಟ್ಟಿ ಇನ್ನಷ್ಟು ಉದ್ದವಾಗಿತ್ತು. ಆಮೇಲೆ ಚಕ್ರ ಒಳಗೆ ಹೋಗಿತ್ತು.

"ಒಳಗಿರುವವರಿಗೆ ಇದು ಕಾಣುದಿಲ್ಲ" ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಮೇಲೆ ಇದ್ದಷ್ಟು ಹೊತ್ತು ತೊಂದರೆಯಿಲ್ಲ. ಇಳಿಯುವಾಗ ಆ ಚಕ್ರ ಬೇಕು.

ಆಗಲೇ ಜೀಪಿನ ಸದ್ದು ಕೇಳಿತು. ಅಭ್ಯಾಸಬಲದಿಂದ ಅವನು ಎರಡು ಮೆಟ್ಟಿಲು ಇಳಿದ. ಮೂರನೆಯದರಲ್ಲಿ ನಿಂತ. ನನ್ನನ್ನು ಪೊದೆಗೆ ತಳ್ಳಿ, ಕ್ಯಾಮರಾ ಮಾತ್ರ ಹಿಡಿದು ಜೀಪಿಗೆ ಓಡಿದ್ದರೂ ಆಗುತ್ತಿತ್ತು. ಆದರೆ ಗೋಡೆಯಾಚೆಯ ಚಕ್ರ ನಿನಗೆ ಕಂಡದ್ದು ಹೇಗೆ ಎಂದು ಕೇಳಿದರೆ ಏನು ಹೇಳುವುದು? ಸುಳ್ಳಿನಿಂದ ಶುರುವಾದ ಮಾತನ್ನು ಯಾರು ನಂಬುತ್ತಾರೆ? ಇದನ್ನೆಲ್ಲ ಅವನು ಬಾಯಿಬಿಟ್ಟು ಹೇಳಲಿಲ್ಲ. ನಾನು ತಿಳಿದದ್ದು ಅವನ ಪಾದದಿಂದ. ಅದು ಇಳಿಯಲಿಲ್ಲ, ತಿರುಗಿ ಮೇಲೆ ಹತ್ತಿತು. ಐದನೆಯ ಮೆಟ್ಟಿಲಲ್ಲಿ ನಿಂತು, ಹೆಗಲ ಬೈರಾಸು ತೆಗೆದು, ಜೀಪಿನ ಕಡೆಗೆ ಬೀಸತೊಡಗಿದ.

ಹನುಮಂತಪ್ಪ ಜೀಪು ನಿಲ್ಲಿಸಿ ನಡೆದು ಬಂದ. ಮುಖ ಗಟ್ಟಿಯಾಗಿತ್ತು.

"ಅಣ್ಣಾರ, ನನಗ ಮಾತು ಕೊಟ್ಟಿದ್ರಿ."

"ಕೊಟ್ಟಿದ್ದೆ ಸಾರ್. ತಪ್ಪಿದ್ದೇನೆ. ಏಣಿ ತೆಗೊಂಡು ಹೋಗಿ, ನನ್ನನ್ನೂ ತೆಗೊಂಡು ಹೋಗಿ. ಆದ್ರೆ ಮೊದಲು ಇದನ್ನು ನೋಡಿ."

ಹನುಮಂತಪ್ಪ ಪರದೆಯನ್ನು ಕಣ್ಣಿನ ಹತ್ತಿರ ಹಿಡಿದ. ವಿಮಾನದ ಚಕ್ರವನ್ನು ಅವನು ಯಾವತ್ತೂ ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹೇಳಿದ, "ನಮ್ಮ ಚಕ್ಕಡಿ ಗಾಲಿ ಹಳಿ ಕಳಚಿದ್ಹಂಗ ಕಾಣ್ತೈತಲ್ರೀ."

"ಅದೇ ಸಾರ್. ಅದೇ."

ಹನುಮಂತಪ್ಪನಿಗೆ ಅಷ್ಟು ಸಾಕಾಯಿತು. ಸೊಂಟದ ವಾಕಿಟಾಕಿ ತೆಗೆದು ಮಾತಾಡುತ್ತಲೇ ನನ್ನನ್ನು ಮಡಚಿ ಜೀಪಿನ ಹಿಂದೆ ಹಾಕಿದ. ಲೋಕಯ್ಯ ನನ್ನ ಪಕ್ಕ ಕುಳಿತ. ದಾರಿಯುದ್ದಕ್ಕೂ ಒಂದು ಕೈ ನನ್ನ ಮೇಲೆಯೇ ಇತ್ತು.

ನಿಲ್ದಾಣದ ಕಚೇರಿಯಲ್ಲಿ ಆ ಹೊತ್ತಿನ ಅಧಿಕಾರಿ ಶರ್ಮಿಳಾ ಬಂಗೇರ ಎಂಬವರು. ನಲವತ್ತರ ಹೆಂಗಸು, ಕಡಿಮೆ ಮಾತು. ನನ್ನನ್ನು ಬಾಗಿಲ ಬಳಿ ಒರಗಿಸಿದರು. ಅವರು ಫೋಟೋಗಳನ್ನು ಎರಡು ಸಲ ನೋಡಿದರು.

"ಎಷ್ಟು ಹೊತ್ತಿಗೆ ತೆಗೆದದ್ದು?"

"ಹತ್ತು ಇಪ್ಪತ್ತೆರಡಕ್ಕೆ ಮೇಡಂ." ಲೋಕಯ್ಯ ಪುಸ್ತಕ ನೋಡಿ ವಿಮಾನದ ನಂಬರನ್ನೂ ಓದಿ ಹೇಳಿದ.

ಅವರು ಫೋನ್ ಎತ್ತಿದರು. ಮೊದಲು ಟವರಿಗೆ, ಆಮೇಲೆ ರನ್‌ವೇ ನೋಡುವವರಿಗೆ. ಹತ್ತು ನಿಮಿಷದೊಳಗೆ ಒಬ್ಬ ಓಡಿ ಬಂದು ಮೇಜಿನ ಮೇಲೆ ರನ್‌ವೇಯಲ್ಲಿ ಸಿಕ್ಕಿದ ಅಂಗೈಯಗಲದ ಎರಡು ರಬ್ಬರ್ ತುಂಡು ಇಟ್ಟ. ಶರ್ಮಿಳಾ ಅವನ್ನು ಮುಟ್ಟಿ ನೋಡಿ, ಪೈಲಟಿಗೆ ತಿಳಿಸಲು ಮತ್ತೆ ಫೋನ್ ಎತ್ತಿದರು.

ವಿಮಾನ ತಲುಪಬೇಕಾದ ಊರಿಗೆ ಇನ್ನೂ ಒಂದು ಗಂಟೆಯ ಮೇಲೆ ದಾರಿಯಿತ್ತು. ಆ ಒಂದು ಗಂಟೆ ಲೋಕಯ್ಯ ಬೆಂಚಿನ ಮೇಲೆ ಕುಳಿತಿದ್ದ. ಹನುಮಂತಪ್ಪ ನೀರು ತಂದುಕೊಟ್ಟ. ಲೋಕಯ್ಯ ಲೋಟ ಹಿಡಿದೇ ಕುಳಿತ, ಕುಡಿಯಲಿಲ್ಲ.

"ಎಷ್ಟು ಜನ ಇದ್ದಾರೆ ಮೇಡಂ, ಒಳಗೆ?" ಎಂದು ಒಮ್ಮೆ ಕೇಳಿದ.

"ನೂರಾ ಅರವತ್ತೆಂಟು."

ಅವನು ತಲೆ ತಗ್ಗಿಸಿದ. ಅವನ ತುಟಿ ಅಲುಗುತ್ತಿತ್ತು. ಪ್ರಾರ್ಥನೆಯೋ ಲೆಕ್ಕವೋ ನನಗೆ ತಿಳಿಯಲಿಲ್ಲ.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಫೋನ್ ಬಂತು. ಶರ್ಮಿಳಾ ಕೇಳಿಸಿಕೊಂಡು ಮೆಲ್ಲನೆ ಕೆಳಗಿಟ್ಟರು.

"ಇಳಿಯಿತು. ಪೈಲಟಿಗೆ ಮೊದಲೇ ಗೊತ್ತಿತ್ತಲ್ಲ, ತಯಾರಾಗಿಯೇ ಇಳಿಸಿದರಂತೆ. ಆ ಚಕ್ರ ಒಡೆಯಿತು, ವಿಮಾನ ರನ್‌ವೇಯ ಮೇಲೆಯೇ ನಿಂತಿತು. ಎಲ್ಲರೂ ಇಳಿದರು."

ಲೋಕಯ್ಯ ಆಗ ನೀರು ಕುಡಿದ. ಕುಡಿದು ಕೇಳಿದ, "ನಾನು ಹೇಳದೆ ಇದ್ದಿದ್ದರೆ?"

ಶರ್ಮಿಳಾ ಅವನನ್ನು ಸಂತೋಷಪಡಿಸುವ ಉತ್ತರ ಕೊಡಬಹುದಿತ್ತು. ಕೊಡಲಿಲ್ಲ. "ಹೇಳ್ಲಿಕ್ಕೆ ಬರುದಿಲ್ಲ ಲೋಕಯ್ಯ. ಹಾಗೂ ಇಳಿಯುತ್ತಿತ್ತೋ ಏನೋ. ಆದರೆ ಗೊತ್ತಿದ್ದು ಇಳಿಯುವುದು ಬೇರೆ, ಗೊತ್ತಿಲ್ಲದೆ ಇಳಿಯುವುದು ಬೇರೆ."

ಆಮೇಲೆ ಕಾಗದದ ಕೆಲಸ ಶುರುವಾಯಿತು. ಗೋಡೆಯ ಹತ್ತಿರ ಏಣಿ ಸಿಕ್ಕಿದೆ. ಅದನ್ನು ಬರೆಯದೆ ಬಿಡುವ ಹಾಗಿಲ್ಲ. ಶರ್ಮಿಳಾ ಪೆನ್ನು ಹಿಡಿದು ಕೇಳಿದರು, "ಇದಕ್ಕೆ ಮೊದಲು ನಿಮಗೆ ಯಾರಾದರೂ ಎಚ್ಚರಿಕೆ ಕೊಟ್ಟಿದ್ದರಾ?"

"ಇಲ್ಲ ಮೇಡಂ" ಎಂದ ಲೋಕಯ್ಯ, ಹನುಮಂತಪ್ಪನ ಕಡೆ ನೋಡದೆ.

ಹನುಮಂತಪ್ಪ ಒಂದು ಹೆಜ್ಜೆ ಮುಂದೆ ಬಂದ. "ಕೊಟ್ಟಿದ್ದೆ ಮೇಡಂ. ಏಣಿ ಕಸ್ಕೊಳ್ಳದ ಬಿಟ್ಟಿದ್ದೆ. ತಪ್ಪು ನಂದೂ ಐತಿ."

ಶರ್ಮಿಳಾ ಇಬ್ಬರನ್ನೂ ನೋಡಿದರು. ಪೆನ್ನಿನ ತುದಿ ಕಾಗದದ ಮೇಲೆ ನಿಂತಿತ್ತು. ಸ್ವಲ್ಪ ಹೊತ್ತಾದ ಮೇಲೆ ಆ ಸಾಲನ್ನು ಖಾಲಿ ಬಿಟ್ಟು ಮುಂದಿನ ಸಾಲಿಗೆ ಹೋದರು.

ಕೊನೆಗೆ ಲೋಕಯ್ಯನ ಮುಂದೆ ಎರಡು ಕಾಗದ ಇಟ್ಟರು. ಒಂದು, ಸಕಾಲಕ್ಕೆ ತಿಳಿಸಿದ್ದಕ್ಕೆ ಕೃತಜ್ಞತೆ. ಇನ್ನೊಂದು, ಇನ್ನು ಮುಂದೆ ಗೋಡೆಯ ಸಮೀಪ ಬರುವುದಿಲ್ಲವೆಂಬ ಮುಚ್ಚಳಿಕೆ. "ಎರಡನ್ನೂ ಒಂದೇ ದಿನ ಕೊಡಬೇಕಾಗಿ ಬಂತು. ನನಗೆ ಬೇಸರ ಉಂಟು" ಎಂದರು. ಲೋಕಯ್ಯ ಓದಿ ಸಹಿ ಹಾಕಿದ. ಕ್ಯಾಮರಾ ಅವನಿಗೆ ಮರಳಿ ಸಿಕ್ಕಿತು. ನನಗೆ ಮಾತ್ರ ಒಂದು ಚೀಟಿ ಕಟ್ಟಿದರು: 'ವಶಪಡಿಸಿಕೊಂಡ ವಸ್ತು.'

ಹೊರಡುವಾಗ ಅವನು ನನ್ನ ಮೇಲಿನ ಮೆಟ್ಟಿಲನ್ನು ಒಮ್ಮೆ ಸವರಿದ. ಬೈರಾಸಿನಿಂದ ಅಲ್ಲಿ ಅಂಟಿದ್ದ ಕೆಂಪು ಮಣ್ಣು ಒರೆಸಿ ಹೋದ.

ಒಂದೂವರೆ ವರ್ಷ ನಾನು ಉಗ್ರಾಣದ ಕತ್ತಲೆಯಲ್ಲಿದ್ದೆ. ಆಮೇಲೆ ಯಾರೋ ಚೀಟಿ ಬಿಚ್ಚಿ, ಬಳಕೆಗೆ ತೆಗೆದುಕೊಳ್ಳಬಹುದು ಎಂದು ಬರೆದರು. ಜಯಂತ ಎಂಬ ಕೆಲಸಗಾರ ಟ್ಯೂಬ್‌ಲೈಟ್ ಹಾಕಲು, ಫ್ಯಾನ್ ಒರೆಸಲು ನನ್ನನ್ನು ಟರ್ಮಿನಲಿನ ಉದ್ದಗಲಕ್ಕೂ ಕೊಂಡೊಯ್ದ. ಲೋಕಯ್ಯ ಗೋಡೆಯಾಚೆಯಿಂದ ನೋಡುತ್ತಿದ್ದ ವಿಮಾನಗಳು ಈಗ ಗಾಜಿನ ಆಚೆ, ನನ್ನಿಂದ ಹತ್ತು ಮಾರು ದೂರದಲ್ಲಿ ನಿಲ್ಲುತ್ತಿದ್ದವು. ನಾನು ಆಸೆಯಿಂದ ನೋಡಿದೆ. ಹತ್ತಿರದಿಂದ ಕಂಡದ್ದು ಎಣ್ಣೆ ಕಲೆ, ಮೊಳೆಯ ಸಾಲು, ಪೆಟ್ಟಿಗೆ ಎಸೆಯುವ ಜನ, ಅವಸರ. ಬದನೆ ಬಣ್ಣ ಹತ್ತಿರದಿಂದ ಬರೀ ಬಣ್ಣ ಬಳಿದ ತಗಡು. ನನ್ನ ಹಾಗೆಯೇ ರಿವೆಟ್ ಬಡಿದ ಮೈ. ಇವನ್ನು ನೆಂಟರಂತೆ ಕಾದು ನಿಲ್ಲುವವರು ಇಲ್ಲಿ ಯಾರೂ ಇರಲಿಲ್ಲ.

ಲೋಕಯ್ಯನ ಸುದ್ದಿ ನನಗೆ ಹನುಮಂತಪ್ಪನಿಂದ ಸಿಗುತ್ತಿತ್ತು. ಅವನು ಚಹಾಕ್ಕೆ ಬಂದಾಗ ಜಯಂತನ ಹತ್ತಿರ ಹೇಳುತ್ತಿದ್ದ. ಮೊದಲ ಮೂರು ತಿಂಗಳು ಲೋಕಯ್ಯ ಮನೆಯಿಂದಲೇ ಹೊರಗೆ ಬರಲಿಲ್ಲವಂತೆ. ವಿಮಾನ ಹೋದರೆ ತಲೆ ಎತ್ತದೆ ಕುಚ್ಚು ಕಟ್ಟುತ್ತ ಕುಳಿತಿರುತ್ತಿದ್ದನಂತೆ. ಕೊನೆಗೆ ಯಮುನಾಳೇ ಕ್ಯಾಮರಾವನ್ನು ಅವನ ಮಡಿಲಲ್ಲಿಟ್ಟು, "ಗೋಡೆ ಬಿಟ್ಟರೆ ಊರಲ್ಲಿ ಬೇರೆ ಜಾಗ ಇಲ್ವಾ? ಆಕಾಶಕ್ಕೆ ಯಾರು ಗೋಡೆ ಕಟ್ಟಿದ್ದಾರೆ?" ಎಂದು ಕೇಳಿದಳಂತೆ. ಈಗ ಅವನು ಹೊಳೆಯ ಬದಿಗೆ ಹೋಗುತ್ತಾನೆ, ಎದುರು ಗುಡ್ಡದ ಗದ್ದೆಗಳಿಗೆ ಹೋಗುತ್ತಾನೆ. "ಅಲ್ಲಿಂದ ವಿಮಾನ ಗುಬ್ಬಿಯಷ್ಟು ಕಾಣ್ತೈತಿ. ಆದ್ರೂ ತಗೀತಾನ" ಎಂದ ಹನುಮಂತಪ್ಪ.

ಮತ್ತೆ ಎರಡು ವರ್ಷ ಕಳೆದ ಮೇಲೆ ಶರ್ಮಿಳಾ ಅವನನ್ನು ಕರೆಸಿದರು. ಬಂದಿಳಿಯುವವರ ದಾರಿಯ ಗೋಡೆಯೊಂದು ಖಾಲಿಯಿತ್ತು. ಅಲ್ಲಿಗೆ ಹನ್ನೆರಡು ಫೋಟೋ, ತಿಂಗಳಿಗೊಂದರಂತೆ. ಕಟ್ಟು ಹಾಕಿಸಿದ ಫೋಟೋಗಳನ್ನು ಹಿಡಿದು ಲೋಕಯ್ಯ ಬಂದ. ಜೊತೆಗೆ ಯಮುನಾ, ಇಸ್ತ್ರಿ ಮಾಡಿದ ಸೀರೆಯಲ್ಲಿ. ಜಯಂತ ನನ್ನನ್ನು ತಂದು ಗೋಡೆಯ ಹತ್ತಿರ ನಿಲ್ಲಿಸಿದ. ಲೋಕಯ್ಯ ನನ್ನನ್ನು ನೋಡಿದ.

ಜಯಂತ ಹತ್ತಿ ಒಂದೊಂದಾಗಿ ತೂಗು ಹಾಕಿದ. ನಾನು ಆ ಫೋಟೋಗಳನ್ನು ಮೊದಲ ಸಲ ನೋಡಿದ್ದು ಆಗಲೇ. ವಿಮಾನ ಎಲ್ಲದರಲ್ಲೂ ಇತ್ತು, ಆದರೆ ಸಣ್ಣದಾಗಿ. ಜೂನಿನದರಲ್ಲಿ ಕೊಡೆ ಹಿಡಿದು ಬೇಲಿಯ ತಡಮೆ ದಾಟುವ ಮುದುಕ, ಅವನ ತಲೆಯ ಮೇಲೆ ಎರಡು ದೀಪ. ಜುಲೈಯದರಲ್ಲಿ ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರು. ಒಬ್ಬಳು ಮಾತ್ರ ಸೊಂಟ ನೆಟ್ಟಗೆ ಮಾಡಿ ಮೇಲೆ ನೋಡುತ್ತಿದ್ದಾಳೆ. ಜನವರಿಯದರಲ್ಲಿ ಹೊಳೆಯ ನೀರಿನಲ್ಲಿ ವಿಮಾನದ ನೆರಳು, ಪಕ್ಕದಲ್ಲಿ ದೋಣಿ.

ಹನ್ನೆರಡನೆಯದನ್ನು ಹಾಕುವಾಗ ಅದು ಓರೆಯಾಯಿತು. ಎರಡು ಸಲ ಸರಿಮಾಡಿದರೂ ಓರೆ. "ನಾನು ಹತ್ತಲಾ?" ಎಂದು ಲೋಕಯ್ಯ ಕೇಳಿದ. ಚಪ್ಪಲಿ ಬಿಟ್ಟು ಹತ್ತಿದ. ಪಾದ ಸ್ವಲ್ಪ ತೆಳ್ಳಗಾಗಿತ್ತು. ನಾನು ಅಲುಗದೆ ನಿಂತೆ. ಅವನು ಚಿತ್ರವನ್ನು ಸರಿಮಾಡಿ, ಅಲ್ಲಿಂದಲೇ ಹನ್ನೆರಡನ್ನೂ ಒಮ್ಮೆ ನೋಡಿ ಇಳಿದ.

ಶರ್ಮಿಳಾ ಹೇಳಿದರು, "ಇದು ನಿಮ್ಮದೇ ಏಣಿ. ಬೇಕಾದರೆ ಮನೆಗೆ ತೆಗೆದುಕೊಂಡು ಹೋಗಿ. ಕಾಗದದ ಕೆಲಸ ನಾನು ಮಾಡಿಸ್ತೇನೆ."

"ಕೊಡಿ" ಎಂದಳು ಯಮುನಾ ಕೂಡಲೇ. "ಅಟ್ಟ ಹತ್ತಲಿಕ್ಕೆ ಬೇಕಾಗ್ತದೆ."

ನಾನು ಕಾದೆ. ಲೋಕಯ್ಯ ನನ್ನ ಮೇಲಿನ ಮೆಟ್ಟಿಲಿನ ಮೇಲೆ ಕೈ ಇಟ್ಟ. ಆಮೇಲೆ ಮೆಲ್ಲಗೆ ಹೇಳಿದ, "ಬೇಡ ಮೇಡಂ. ಇಲ್ಲೇ ಇರಲಿ. ಮನೆಯಲ್ಲಿದ್ದರೆ ನಾನು ಮತ್ತೆ ಪದವಿಗೆ ಹೋಗ್ತೇನೆ. ಒಮ್ಮೆ ಮಾತು ಮುರಿದವ ನಾನು. ನನ್ನ ಮೇಲೆ ನನಗೇ ಅಷ್ಟು ಭರವಸೆ ಇಲ್ಲ."

ಯಮುನಾ ಮತ್ತೆ ಒತ್ತಾಯ ಮಾಡಲಿಲ್ಲ. ಇಬ್ಬರೂ ಗೋಡೆಯ ಉದ್ದಕ್ಕೂ ನಡೆದು ಒಂದೊಂದೇ ಚಿತ್ರ ನೋಡಿದರು. ಜುಲೈಯ ಚಿತ್ರದ ಮುಂದೆ ನಿಂತಾಗ ಅವನು ಅವಳಿಗೆ ಹೇಳಿದ್ದು ನನಗೆ ಕೇಳಿತು. "ಏಣಿ ಇದ್ದಿದ್ದರೆ ಈ ಗದ್ದೆ ಚಿತ್ರದಲ್ಲಿ ಬರುತ್ತಿರಲಿಲ್ಲ ನೋಡು. ಆಗ ನನಗೆ ವಿಮಾನ ಮಾತ್ರ ಕಾಣುತ್ತಿತ್ತು."

ಆ ಮಾತು ಕೇಳಿ ಅಂದು ನನಗೆ ನೋವಾಯಿತು. ಸುಳ್ಳು ಹೇಳಲಾರೆ.

ಈಗ ನಾನು ಟರ್ಮಿನಲಿನ ಹಿಂದಿನ ಶೆಡ್ಡಿನಲ್ಲಿದ್ದೇನೆ. ಎರಡನೆಯ ಮೆಟ್ಟಿಲಿನ ರಿವೆಟ್ ಸಡಿಲಾಗಿದೆ; ಜಯಂತ ಕೆಂಪು ಬಣ್ಣದಲ್ಲಿ ಗೀಟು ಎಳೆದು ಹತ್ತಬಾರದೆಂದು ಬರೆದಿದ್ದಾನೆ. ಪಕ್ಕದಲ್ಲಿ ಚಕ್ರ ಮುರಿದ ಟ್ರಾಲಿಗಳು, ಮುಳ್ಳು ಬಿದ್ದುಹೋದ ಒಂದು ತೂಕದ ಯಂತ್ರ. ಇನ್ನೊಂದು ವಾರದಲ್ಲಿ ಗುಜರಿಯ ಲಾರಿ ಬರುತ್ತದಂತೆ. ಯೋಚಿಸಲು ಬೇಕಾದಷ್ಟು ಹೊತ್ತಿದೆ.

ಯಾರನ್ನಾದರೂ ಎತ್ತರಕ್ಕೆ ಏರಿಸುವುದೇ ನನ್ನ ಜನ್ಮದ ಕೆಲಸ ಎಂದುಕೊಂಡಿದ್ದೆ. ಲೋಕಯ್ಯನಿಗೆ ಐದು ಮೆಟ್ಟಿಲಿನಷ್ಟು ಎತ್ತರ ಕೊಟ್ಟೆ. ಅಲ್ಲಿಂದ ಅವನಿಗೆ ಕಂಡದ್ದು ಒಂದು ದಿನ ನೂರಾ ಅರವತ್ತೆಂಟು ಜನರಿಗೆ ಉಪಯೋಗಕ್ಕೆ ಬಂತು. ಅದು ನನ್ನ ಪಾಲಿನ ಹೆಮ್ಮೆ. ಆದರೆ ಹೊಳೆಬದಿಯ ದೋಣಿ, ತಡಮೆ ದಾಟುವ ಮುದುಕ, ಗದ್ದೆಯಲ್ಲಿ ತಲೆಯೆತ್ತಿ ನಿಂತ ಆ ಹೆಂಗಸು, ಇವೆಲ್ಲ ಅವನಿಗೆ ಸಿಕ್ಕಿದ್ದು ಅವನು ನೆಲದ ಮೇಲೆ ನಿಂತ ನಂತರ. ನಾನು ಇದ್ದಾಗ ಅವನು ಹುಡುಕಲೇ ಇಲ್ಲ.

ಮೊದಲಿನ ನೋವು ಈಗ ಇಲ್ಲ. ಶೆಡ್ಡಿನ ತಗಡು ಆಗಾಗ ಅದುರುತ್ತದೆ. ಯಾವ ವಿಮಾನ, ಯಾವ ಬಣ್ಣ, ನನಗೆ ಕಾಣುವುದಿಲ್ಲ. ಈ ಹೊತ್ತಿಗೆ ಅವನು ಎದುರು ಗುಡ್ಡದಲ್ಲಿ ಎಲ್ಲೋ ಬರಿಗಾಲಲ್ಲಿ ನಿಂತಿರುತ್ತಾನೆ. ಕಾಲಡಿಯ ಮಣ್ಣು ಒದ್ದೆಯಾಗಿರಬಹುದು. ಅವನು ಕ್ಯಾಮರಾ ಎತ್ತುವ ಮೊದಲು ಸುತ್ತ ಒಮ್ಮೆ ನೋಡುತ್ತಾನೆ.